ಫ್ರಿಜ್ಜಿನ ಮೇಲೆ ನನ್ನ ಹೆಸರು

ಆ ಮನೆಗೆ ಹೋಗಿ ಸೇರಿದ ಮೂರನೆಯ ದಿನ ಬೆಳಿಗ್ಗೆ, ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದಿಂದ ಸಿಕ್ಕಿಸಿದ್ದ ಹಾಳೆಯೊಂದರಲ್ಲಿ ನನ್ನ ಹೆಸರು ಕಾಣಿಸಿತು. ಎಡಬದಿಯಲ್ಲಿ ವಾರದ ದಿನಗಳು, ಮೇಲ್ಭಾಗದಲ್ಲಿ ಮನೆಮಂದಿಯ ಹೆಸರುಗಳು, ನಡುವಿನ ಚೌಕಗಳಲ್ಲಿ ಕೆಲಸಗಳು: ಊಟದ ಮೇಜು ಒರೆಸುವುದು, ಪಾತ್ರೆ ತೊಳೆಯುವ ಯಂತ್ರವನ್ನು ಖಾಲಿ ಮಾಡುವುದು, ಕೋಳಿಗಳಿಗೆ ಕಾಳು ಹಾಕುವುದು, ತರಕಾರಿ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಒಯ್ಯುವುದು. ಸೋಮವಾರ ಮತ್ತು ಗುರುವಾರ ಬಚ್ಚಲಿನ ಬೇಸಿನ್ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇದಕ್ಕೆ ಅವರ ಮಾತಿನಲ್ಲಿ ‘ಎಮ್ಟ್ಲಿ’ ಎನ್ನುತ್ತಾರೆ. ಪದದ ಮೂಲಾರ್ಥ ಪುಟ್ಟ ಅಧಿಕಾರ, ಪುಟ್ಟ ಹುದ್ದೆ ಎಂದು. ಅದು ಆಗ ನನಗೆ ತಿಳಿದಿರಲಿಲ್ಲ. ಪುತ್ತೂರಿನ ಹತ್ತಿರದ ಒಂದು ಹವ್ಯಕ ಮನೆಯಲ್ಲಿ, ಬಂದ ನೆಂಟರು ತಮ್ಮ ಎಲೆಯನ್ನು ತಾವೇ ಎತ್ತಹೊರಟರೆ ಅಜ್ಜಿ ಗದರಿಸಿ ಕೂರಿಸುವುದನ್ನು ನೋಡುತ್ತ ಬೆಳೆದ ನನಗೆ, ಪ್ರಯಾಣದ ಆಯಾಸ ಇಳಿಯುವ ಮೊದಲೇ ಬೇಸಿನ್ ತಿಕ್ಕಲು ಹೇಳಿದ್ದು ಅವಮಾನವೆಂದೇ ಅನಿಸಿತು. ಆ ರಾತ್ರಿ ದಿಂಬಿಗೆ ಮುಖವಿಟ್ಟು ಅತ್ತೆ.

ಅದು 2013ರ ಆಗಸ್ಟ್ ತಿಂಗಳು, ನನಗೆ ಹದಿನಾರು ವರ್ಷ. ಎಸ್ಸೆಸ್ಸೆಲ್ಸಿ ಮುಗಿದಿತ್ತು, ಪಿಯುಸಿಗೆ ಸೇರುವ ಬದಲು ಒಂದು ವರ್ಷ ವಿದ್ಯಾರ್ಥಿ ವಿನಿಮಯಕ್ಕೆ ಹೋಗುತ್ತೇನೆಂದು ನಾನು ಹಟ ಹಿಡಿದಾಗ, ಒಂದು ವರ್ಷ ಹಾಳಾಗುತ್ತದೆ ಎಂದು ನೆಂಟರಿಷ್ಟರೆಲ್ಲ ಹೇಳಿದರು, ಮತ್ತು ಮಾರ್ಕ್ಸ್ ಕಾರ್ಡಿನ ಲೆಕ್ಕದಲ್ಲಿ ಅವರು ಹೇಳಿದ್ದು ನಿಜವೇ ಆಯಿತು. ನನಗೆ ಸಿಕ್ಕಿದ್ದು ಸ್ವಿಟ್ಜರ್ಲೆಂಡಿನ ಬೆರ್ನ್ ಪ್ರಾಂತ್ಯದಲ್ಲಿ, ಬುರ್ಗ್‌ಡೋರ್ಫ್ ಪಟ್ಟಣದಿಂದ ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ ದೂರದ ಒಂದು ಹಳ್ಳಿ. ಎಮ್ಮೆ ಎಂಬ ನದಿಯ ಕಣಿವೆ ಅದು, ಹಾಗಾಗಿ ಸೀಮೆಯ ಹೆಸರು ಎಮ್ಮೆಂಟಾಲ್. ಅಪ್ಪ ಈ ಹೆಸರನ್ನು ಮೂರು ಸಲ ಹೇಳಿಸಿಕೊಂಡು, ‘ಎಮ್ಮೆ ಇದೆಯೋ ಇಲ್ಲವೋ, ದನವಂತೂ ಇರಬಹುದು’ ಎಂದರು. ಅವರ ಊಹೆ ತಪ್ಪಲಿಲ್ಲ: ಮನೆಯ ಹಟ್ಟಿಯಲ್ಲಿ ಇಪ್ಪತ್ತೆರಡು ಹಸುಗಳಿದ್ದವು. ನಮ್ಮ ಕಾರ್ಯಕ್ರಮದಲ್ಲಿ ಆಶ್ರಯ ಕೊಡುವ ಮನೆಯವರಿಗೆ ಹಣ ಕೊಡುವ ಪದ್ಧತಿ ಇರಲಿಲ್ಲ. ಯಾರದೋ ಮಗಳಿಗೆ ಒಂದು ವರ್ಷ ಅನ್ನ ಹಾಕುವುದರಿಂದ ಇವರಿಗೇನು ಲಾಭ ಎಂಬ ಪ್ರಶ್ನೆ ಅಮ್ಮನನ್ನು ವಿಮಾನ ನಿಲ್ದಾಣದವರೆಗೂ ಕಾಡುತ್ತಿತ್ತು.

ಮನೆಯಲ್ಲಿದ್ದವರು ಐದು ಮಂದಿ. ಹೈನುಗಾರನಾದ ಅಪ್ಪ, ವಾರದಲ್ಲಿ ಮೂರು ದಿನ ದಾದಿಯಾಗಿ ದುಡಿಯುತ್ತಿದ್ದ ಅಮ್ಮ, ಹದಿನೆಂಟರ ಮಗ, ಹದಿನಾಲ್ಕರ ಮಗಳು, ಅಂಗಳದಾಚೆಯ ಪುಟ್ಟ ಮನೆಯಲ್ಲಿ ಅಜ್ಜಿ. ಎಮ್ಮೆಂಟಾಲಿನ ಒಕ್ಕಲು ಮನೆಗಳ ಮಾಡು ನೆಲಕ್ಕೆ ತಾಗುತ್ತದೋ ಎಂಬಷ್ಟು ಇಳಿದುಬಂದಿರುತ್ತದೆ. ಒಂದೇ ಮಾಡಿನಡಿ ಮನುಷ್ಯರು, ದನಗಳು, ಹುಲ್ಲಿನ ಅಟ್ಟ ಎಲ್ಲವೂ ಇರುತ್ತವೆ. ಮಗ ಸಂಸಾರ ವಹಿಸಿಕೊಂಡ ಮೇಲೆ ಹಿರಿಯರು ಪಕ್ಕದ ‘ಷ್ಟ್ಯೋಕ್ಲಿ’ ಎಂಬ ಸಣ್ಣ ಮನೆಗೆ ಹೋಗುವುದು ಅಲ್ಲಿಯ ರೂಢಿ. ಇನ್ನೂ ಸೋಜಿಗವೆಂದರೆ, ಹಿಂದಿನಿಂದ ಆ ಸೀಮೆಯಲ್ಲಿ ಜಮೀನು ಕಿರಿಯ ಮಗನಿಗೆ ಹೋಗುತ್ತಿತ್ತು, ಹಿರಿಯವನಿಗಲ್ಲ. ಅಲ್ಲಿಯ ಅಪ್ಪ ನಾಲ್ವರಲ್ಲಿ ಕೊನೆಯವನು. ನಮ್ಮೂರಿನ ಬಂಟರಲ್ಲಿ ಆಸ್ತಿ ಸೋದರಳಿಯನಿಗೆ ಹೋಗುತ್ತಿದ್ದ ಅಳಿಯಸಂತಾನದ ಕಟ್ಟನ್ನು ನಾನು ಮುರುಕು ಜರ್ಮನಿನಲ್ಲಿ ವಿವರಿಸಿದಾಗ ಅವರು ನನ್ನ ಭಾಷೆಯಲ್ಲೇ ಏನೋ ದೋಷವಿದೆ ಎಂದುಕೊಂಡರು.

ಭಾಷೆಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಮೊದಲ ಮೂರು ತಿಂಗಳ ನನ್ನ ಕಷ್ಟಗಳ ಮುಕ್ಕಾಲು ಪಾಲು ಅದರಿಂದಲೇ ಬಂದದ್ದು. ಹೊರಡುವ ಮೊದಲು ಬೆಂಗಳೂರಿನಲ್ಲಿ ಎರಡು ತಿಂಗಳು ಜರ್ಮನ್ ಕಲಿತಿದ್ದೆ. ಪುಸ್ತಕದಲ್ಲಿ ಹಾಲಿಗೆ ‘ಮಿಲ್ಖ್’ ಎಂದಿತ್ತು. ಈ ಮನೆಯಲ್ಲಿ ಹಾಲು ‘ಮಿಯುಖ್’ ಆಗಿತ್ತು. ಬೆರ್ನಿನ ಆಡುಮಾತಿನಲ್ಲಿ ಪದದ ನಡುವಿನ ‘ಲ್’ ಕರಗಿ ‘ಉ’ ಆಗುತ್ತದೆ. ನಾಯಿ ‘ಹುಂಡ್’ ಅಲ್ಲ, ‘ಹುಂಗ್’. ಊಟದ ಮೇಜಿನ ಸುತ್ತ ನಾಲ್ವರು ಒಟ್ಟಿಗೆ ಮಾತಾಡುತ್ತಿದ್ದರೆ ಅದು ಜರ್ಮನ್ ಎಂಬ ಗುಮಾನಿಯೂ ನನಗೆ ಬರುತ್ತಿರಲಿಲ್ಲ. ನನ್ನತ್ತ ತಿರುಗಿದಾಗ ಮಾತ್ರ ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ಶಾಲೆಯಲ್ಲಿ ಕಲಿತ ಶಿಷ್ಟ ಜರ್ಮನಿಗೆ ಬರುತ್ತಿದ್ದರು. ಅವರೂ ಆ ಭಾಷೆಯನ್ನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡವರಂತೆ ಆಡುತ್ತಿದ್ದರು. ಇದು ನನಗೆ ತೀರ ಅಪರಿಚಿತವೇನಲ್ಲ. ನಾನೂ ಮನೆಯಲ್ಲಿ ಹವಿಗನ್ನಡ, ಅಂಗಡಿಯಲ್ಲಿ ತುಳು, ಶಾಲೆಯ ಪ್ರಬಂಧದಲ್ಲಿ ಗ್ರಂಥಸ್ಥ ಕನ್ನಡ ಎಂದು ಮೂರು ಜೊತೆ ಚಪ್ಪಲಿ ಬದಲಿಸುತ್ತ ಬೆಳೆದವಳೇ. ಆದರೆ ಚಪ್ಪಲಿ ನನ್ನದಾಗಿದ್ದಾಗ ಬದಲಿಸುತ್ತಿದ್ದೇನೆಂಬುದೇ ಗೊತ್ತಾಗುತ್ತಿರಲಿಲ್ಲ. ಪರವೂರಿನವರು ನಮ್ಮ ಜಗಲಿಯಲ್ಲಿ ಕುಳಿತು, ನಾವು ನಗುವಾಗ ಅರ್ಥವಾಗದೆ ತಾವೂ ನಕ್ಕಂತೆ ಮಾಡುತ್ತಿದ್ದುದರ ಸಂಕಟ ನನಗೆ ತಿಳಿದದ್ದು ಆ ಮೇಜಿನಲ್ಲಿ.

ಅಕ್ಟೋಬರಿನ ಹೊತ್ತಿಗೆ ಅಲ್ಲಿಯ ಅಮ್ಮನಲ್ಲಿ, ನನ್ನೊಡನೆ ಶಿಷ್ಟ ಜರ್ಮನ್ ಆಡುವುದನ್ನು ನಿಲ್ಲಿಸಿಬಿಡಿ ಎಂದು ಕೇಳಿಕೊಂಡೆ. ಅದು ನಾನು ಆ ವರ್ಷ ಮಾಡಿದ ಅತ್ಯಂತ ಬುದ್ಧಿವಂತಿಕೆಯ ಕೆಲಸ. ಮೊದಲ ಎರಡು ವಾರ ಮೂಕಿಯಂತಾದೆ, ಶಾಲೆಯ ಜರ್ಮನ್ ಅಂಕಗಳೂ ಕುಸಿದವು. ಆದರೆ ಆಮೇಲೆ ಬಾಗಿಲು ತೆರೆಯಿತು. ಬೆರ್ನ್ ಸೀಮೆಯವರು ಎದುರು ಸಿಕ್ಕಾಗ ಹೇಳುವ ‘ಗ್ರುಯೆಸ್ಸೆಖ್’ ಎಂಬ ಮಾತಿನಲ್ಲಿ ‘ನಿಮಗೆ’ ಎಂಬ ಬಹುವಚನ ಅಡಗಿದೆ. ಶಿಷ್ಟ ಜರ್ಮನಿನಲ್ಲಿ ಗೌರವ ಕೊಡಲು ಎದುರಿನವರನ್ನು ‘ಅವರು’ ಎಂಬ ಪ್ರಥಮ ಪುರುಷದ ರೂಪದಲ್ಲಿ ಕರೆಯಬೇಕು. ಬೆರ್ನಿನವರು ಮಾತ್ರ ನಮ್ಮಂತೆಯೇ ‘ನೀವು’ ಎನ್ನುತ್ತಾರೆ. ಇದನ್ನು ಕಂಡುಕೊಂಡ ದಿನ ನೆಂಟರೊಬ್ಬರು ಸಿಕ್ಕಷ್ಟು ಖುಷಿಯಾಯಿತು. ಪರದೇಶದವರು ಸಿಕ್ಕರೆ ಗಂಟಲು ಹರಿಯುವ ‘ಖುಖಿಖ್ಯೆಷ್ಟ್ಲಿ’ ಎಂಬ ಪದ ಹೇಳಿಸಿ ನಗುವುದು ಸ್ವಿಸ್ಸರ ಮಾಮೂಲು ಆಟ. ಅಡುಗೆಮನೆಯ ಸಣ್ಣ ಕಪಾಟು ಎಂದು ಅದರ ಅರ್ಥ. ನಾನು ಅದಕ್ಕೆ ಬದಲಾಗಿ ‘ಬಾಳೆಹಣ್ಣು’ ಹೇಳಿಸುತ್ತಿದ್ದೆ. ಆ ‘ಳ’ ಮತ್ತು ‘ಣ’ ಅಲ್ಲಿಯ ಅಣ್ಣನಿಗೆ ಜುಲೈವರೆಗೂ ಒಲಿಯಲಿಲ್ಲ.

ಹೆಸರು ಹಿಡಿದು ಕರೆಯುವುದಂತೂ ನನಗೆ ಬಾಯಿಗೇ ಬರಲಿಲ್ಲ. ಅಪ್ಪ-ಅಮ್ಮನ ವಯಸ್ಸಿನವರನ್ನು ಬರಿಯ ಹೆಸರಿನಿಂದ ಕರೆಯಬೇಕೆಂದು ಅವರು ಹೇಳಿದ್ದರು. ಹಾಗಾಗಿ ಸುಮಾರು ಎರಡು ತಿಂಗಳು ನಾನು ಯಾರನ್ನೂ ಏನೂ ಕರೆಯಲಿಲ್ಲ. ಎದುರು ಹೋಗಿ ನಿಂತು, ಅವರು ನನ್ನತ್ತ ನೋಡುವವರೆಗೆ ಕಾದು, ಆಮೇಲೆ ಮಾತು ಶುರು ಮಾಡುತ್ತಿದ್ದೆ. ಅಜ್ಜಿಯ ವಿಷಯದಲ್ಲಿ ಈ ತೊಡಕಿರಲಿಲ್ಲ. ಎಲ್ಲರಿಗೂ ಅವರು ‘ಗ್ರೋಸಿ’, ನನಗೂ ಗ್ರೋಸಿ.

ಊಟದ ಮೇಜಿನಲ್ಲಿ ಇನ್ನೊಂದು ಪಾಠ ಕಾದಿತ್ತು. ‘ಇನ್ನಷ್ಟು ಬೇಕೇ?’ ಎಂದು ಕೇಳಿದಾಗ ‘ಸಾಕು’ ಎನ್ನುವುದು ನಮ್ಮಲ್ಲಿ ಮಾತಿನ ಮೊದಲ ಹಂತ ಮಾತ್ರ. ಎರಡನೆಯ ಸಲ ಒತ್ತಾಯಿಸಬೇಕು, ಕೈ ಅಡ್ಡ ಹಿಡಿಯಬೇಕು, ಅಷ್ಟರಲ್ಲಿ ಅನ್ನ ಎಲೆಗೆ ಬಿದ್ದಿರಬೇಕು. ಅಲ್ಲಿ ‘ಸಾಕು’ ಎಂದರೆ ಸಾಕು. ಪಾತ್ರೆ ಮುಂದೆ ಹೋಗುತ್ತಿತ್ತು, ಮತ್ತೆ ನನ್ನತ್ತ ಬರುತ್ತಿರಲಿಲ್ಲ. ಮೊದಲ ವಾರ ಅರೆಹೊಟ್ಟೆಯಲ್ಲಿ ಮಲಗಿ, ಅಮ್ಮ ಕಟ್ಟಿಕೊಟ್ಟಿದ್ದ ಹಲಸಿನ ಹಪ್ಪಳವನ್ನು ಹಸಿಯಾಗಿಯೇ ಕಡಿದು ತಿಂದಿದ್ದೇನೆ. ಅಮ್ಮ ಏಳು ಸಮುದ್ರದಾಚೆಯಿಂದ ಒತ್ತಾಯ ಮಾಡಿದಂತಾಯಿತು.

ಆ ಮನೆಯ ಊಟಗಳಿಗೆ ಹೊತ್ತಿನದೇ ಹೆಸರು. ಬೆಳಗಿನ ಒಂಬತ್ತರದು ‘ತ್ಸ್‌ನ್ಯೂನಿ’, ಸಂಜೆ ನಾಲ್ಕರದು ‘ತ್ಸ್‌ಫಿಯೆರಿ’. ಒಂಬತ್ತು, ನಾಲ್ಕು ಎಂಬ ಅಂಕೆಗಳೇ ತಿಂಡಿಯ ಹೆಸರಾಗಿವೆ. ರಾತ್ರಿಯೂಟ ಆರೂವರೆಗೆ. ಆರೂವರೆ ಎಂದರೆ ಆರೂ ಮೂವತ್ತು, ಆರೂ ಮೂವತ್ತಮೂರಲ್ಲ. ಅಕ್ಟೋಬರಿನ ಒಂದು ಸಂಜೆ ನಾನು ಬುರ್ಗ್‌ಡೋರ್ಫಿನಲ್ಲಿ ಗೆಳತಿಯರೊಡನೆ ಹರಟುತ್ತ ಬಸ್ಸು ತಪ್ಪಿಸಿಕೊಂಡು, ಫೋನೂ ಮಾಡದೆ, ಏಳೂ ಹತ್ತಕ್ಕೆ ಮನೆ ಸೇರಿದೆ. ಯಾರೂ ಊಟ ಮುಟ್ಟಿರಲಿಲ್ಲ. ಆಲೂಗಡ್ಡೆಯ ರ್‍ಯೋಷ್ಟಿ ಬಾಣಲೆಯಲ್ಲೇ ತಣ್ಣಗಾಗಿತ್ತು. ಯಾರೂ ಏನೂ ಅನ್ನಲಿಲ್ಲ, ತಿಂದರು, ಎದ್ದರು. ಅಬ್ಬ, ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಅಲ್ಲಿಯ ಅಮ್ಮ ನನ್ನನ್ನು ಕೂರಿಸಿಕೊಂಡು, ದನಿ ಏರಿಸದೆ, ಪುಸ್ತಕ ಓದಿದಂತೆ ಹೇಳಿದರು: ನಿನಗೆ ತಡವಾದದ್ದಕ್ಕೆ ನನಗೆ ಸಿಟ್ಟಿಲ್ಲ, ತಡವಾಗುತ್ತದೆಂದು ನೀನು ತಿಳಿಸದಿದ್ದುದಕ್ಕೆ ಇದೆ, ನಾವು ಐವರು ನಲವತ್ತು ನಿಮಿಷ ನಿನ್ನ ಬಗ್ಗೆ ಹೆದರಿಕೊಂಡು ಕುಳಿತಿದ್ದೆವು, ನನ್ನ ಮಗಳು ಹೀಗೆ ಮಾಡಿದ್ದರೆ ಅವಳಿಗೂ ಇದನ್ನೇ ಹೇಳುತ್ತಿದ್ದೆ. ಜೊತೆಗೆ ಒಂದು ವಾರ ಪಾತ್ರೆಯ ಕೆಲಸ ಹೆಚ್ಚುವರಿಯಾಗಿ ಬಿತ್ತು.

ಆ ದಿನದವರೆಗೆ ಅವರು ನನ್ನನ್ನು ಒಮ್ಮೆಯೂ ಬೈದಿರಲಿಲ್ಲ. ನೆಂಟರನ್ನು ಯಾರೂ ಬೈಯುವುದಿಲ್ಲವಲ್ಲ. ಪಾತ್ರೆ ತೊಳೆಯುವ ಯಂತ್ರದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಚಮಚಗಳನ್ನು ಬೇರ್ಪಡಿಸುವಾಗ ಈ ವಿಷಯ ಹೊಳೆಯಿತು. ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ಮೂರನೆಯ ದಿನವೇ ನನ್ನ ಹೆಸರು ಬರೆದದ್ದೂ ಇದೇ ಲೆಕ್ಕವಿರಬೇಕು ಎಂದೂ ಅನಿಸಿತು. ಮನೆಯ ಹಾಳೆಯಲ್ಲಿ ಹೆಸರಿರುವುದು ಮನೆಯವರದು ಮಾತ್ರ. ಆ ಬೇಸಿಗೆಯಲ್ಲಿ ಹದಿನೈದು ದಿನ ಬಂದುಹೋದ ಅವರ ಸೋದರತ್ತೆಯ ಹೆಸರು ಅದರಲ್ಲಿರಲಿಲ್ಲ.

ಶಾಲೆಯ ಬಗ್ಗೆ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಅಲ್ಲಿ ಅಂಕ 1ರಿಂದ 6ರವರೆಗೆ. 6 ಅತ್ಯುತ್ತಮ, 4 ಬಂದರೆ ಪಾಸು. ಗಣಿತದಲ್ಲಿ ನನಗೆ 5.5 ಬಂತೆಂದು ಊರಿಗೆ ತಿಳಿಸಿದಾಗ ಅಪ್ಪ ಒಂದು ಕ್ಷಣ ಸುಮ್ಮನಿದ್ದು, ‘ಪರವಾಗಿಲ್ಲ, ಭಾಷೆ ಹೊಸತಲ್ಲವೋ’ ಎಂದು ಸಮಾಧಾನ ಮಾಡಿದರು. ಹತ್ತಕ್ಕೆ ಐದೂವರೆ ಎಂದು ಅವರು ತಿಳಿದಿದ್ದರು. ಸ್ಕೀಯಿಂಗ್ ಶಿಬಿರದಲ್ಲಿ ಐದು ದಿನ ಬಿದ್ದೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ನೋಡಿದ್ದರಲ್ಲಿ ಮರೆಯಲಾಗದ್ದು ಮೊದಲ ವಾರಾಂತ್ಯಗಳಲ್ಲೊಂದು. ಮೂರು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ‘ಷ್ವಿಂಗೆನ್’ ಹಬ್ಬ 2013ರಲ್ಲಿ ನಮ್ಮ ಬುರ್ಗ್‌ಡೋರ್ಫಿನಲ್ಲೇ, ಆಗಸ್ಟ್ 30ರಿಂದ ಸೆಪ್ಟೆಂಬರ್ 1ರವರೆಗೆ ನಡೆಯಿತು. ಷ್ವಿಂಗೆನ್ ಎಂದರೆ ಅಲ್ಲಿಯ ಕುಸ್ತಿ. ಕೆಮ್ಮಣ್ಣಿನ ಅಖಾಡದ ಬದಲು ಮರದ ಹೊಟ್ಟಿನ ವೃತ್ತ. ಲಂಗೋಟಿಯ ಬದಲು, ಪ್ಯಾಂಟಿನ ಮೇಲೆ ತೊಡುವ ಗೋಣಿ ಬಟ್ಟೆಯ ದಪ್ಪ ಚಡ್ಡಿ. ಆ ಚಡ್ಡಿಯನ್ನು ಹಿಡಿದೇ ಎದುರಾಳಿಯ ಬೆನ್ನನ್ನು ಹೊಟ್ಟಿಗೆ ತಾಗಿಸಬೇಕು. ನನ್ನ ಮನೆಯವರೆಲ್ಲ ಅಲ್ಲಿ ಸ್ವಯಂಸೇವಕರಾಗಿ ದುಡಿಯುತ್ತಿದ್ದರು, ನಾನು ಖಾಲಿ ಲೋಟ ಹೆಕ್ಕುತ್ತಿದ್ದೆ. ಐವತ್ತೆರಡು ಸಾವಿರ ಮಂದಿ ಕೂರುವ ತಾತ್ಕಾಲಿಕ ಕ್ರೀಡಾಂಗಣದಲ್ಲಿ, ಗೆದ್ದವನು ಸೋತವನನ್ನು ಕೈಹಿಡಿದು ಎಬ್ಬಿಸಿ ಅವನ ಬೆನ್ನಿಗಂಟಿದ ಮರದ ಹೊಟ್ಟನ್ನು ತನ್ನ ಅಂಗೈಯಿಂದ ಕೊಡವುತ್ತಿದ್ದ. ಪ್ರತಿ ಪಂದ್ಯದ ಕೊನೆಗೂ ಅದು ನಡೆಯುತ್ತಿತ್ತು. ಆ ವರ್ಷ ಅದೇ ಸೀಮೆಯ ಮಥಿಯಾಸ್ ಸೆಂಪಾಖ್ ಗೆದ್ದ. ಗೆದ್ದವನಿಗೆ ಬಹುಮಾನ ಒಂದು ಹೋರಿ. ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರು ಕುಸ್ತಿಯ ಬಗ್ಗೆ ಏನೂ ಕೇಳಲಿಲ್ಲ, ಹೋರಿ ಯಾವ ತಳಿ ಎಂದು ಕೇಳಿದರು.

ಹಾಲಿನ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಐದೂವರೆಗೆ ಕರಾವು, ಏಳರೊಳಗೆ ಹಾಲು ಹಳ್ಳಿಯ ಚೀಸ್ ಕೇಂದ್ರಕ್ಕೆ. ಸಂಜೆ ಮತ್ತೊಂದು ಸುತ್ತು. ನಮ್ಮೂರಿನ ಹಾಲಿನ ಸೊಸೈಟಿಯದೇ ಚಿತ್ರ ಅದು: ಸಾಲಾಗಿ ನಿಂತ ರೈತರು, ಹಾಲಿನ ಪರೀಕ್ಷೆ, ಮಳೆಯ ಬಗ್ಗೆ ಎರಡು ಮಾತು. ವ್ಯತ್ಯಾಸವಿದ್ದದ್ದು ಹಾಲು ಮುಂದೆ ಏನಾಗುತ್ತದೆ ಎಂಬುದರಲ್ಲಿ. ಆ ಹಾಲೆಲ್ಲ ಎಮ್ಮೆಂಟಾಲರ್ ಚೀಸ್ ಆಗುತ್ತಿತ್ತು. ಅದಕ್ಕೆ ಹಸಿ ಹಾಲೇ ಬೇಕು, ಹಸುಗಳಿಗೆ ಹುಲ್ಲು ಮತ್ತು ಒಣಹುಲ್ಲು ಮಾತ್ರ ಹಾಕಬೇಕು, ಹುದುಗಿಸಿದ ಸೈಲೇಜ್ ಹಾಕುವಂತಿಲ್ಲ. ಒಂದು ಕಿಲೋ ಚೀಸಿಗೆ ಸುಮಾರು ಹನ್ನೆರಡು ಲೀಟರ್ ಹಾಲು. ನೂರು ಕಿಲೋ ತೂಗುವ ಒಂದು ಗಾಲಿಯಲ್ಲಿ ನಮ್ಮ ಹಟ್ಟಿಯ ಎಷ್ಟು ದಿನದ ಹಾಲು ಇದೆಯೆಂದು ಅಲ್ಲಿಯ ಅಪ್ಪ ಬೆರಳು ಮಡಿಸಿ ಲೆಕ್ಕ ಹೇಳುತ್ತಿದ್ದ.

ಸೆಪ್ಟೆಂಬರಿನ ಕೊನೆಯಲ್ಲಿ ಒಂದು ಶನಿವಾರ ಅವನು ನನ್ನನ್ನು ಒಳಗೆ ಕರೆದುಕೊಂಡು ಹೋದ. ದೊಡ್ಡ ತಾಮ್ರದ ಕೊಪ್ಪರಿಗೆ, ಹಬೆಯ ವಾಸನೆ. ಹಾಲು ಸುಮಾರು ಮೂವತ್ತೆರಡು ಡಿಗ್ರಿಗೆ ಬೆಚ್ಚಗಾದಾಗ ಚೀಸ್ ಮಾಡುವಾತ ಸಣ್ಣ ಪಾತ್ರೆಯಿಂದ ಕಂದು ಬಣ್ಣದ ನೀರಿನಂಥದ್ದನ್ನು ಸುರಿದ. ‘ಲಾಬ್’ ಎಂದ. ಹೆಪ್ಪು ಎಂದು ನಾನು ಅರ್ಥ ಮಾಡಿಕೊಂಡೆ. ಅರ್ಧ ಗಂಟೆಯಲ್ಲಿ ಸಾವಿರಾರು ಲೀಟರ್ ಹಾಲು ಗಟ್ಟಿಯಾಯಿತು. ತಂತಿಗಳ ಚೌಕಟ್ಟನ್ನು ಅದರೊಳಗೆ ಎಳೆದಾಗ ಮೊಸರು ಗೋಧಿ ಕಾಳಿನಷ್ಟು ಸಣ್ಣ ಹರಳುಗಳಾಗಿ ಒಡೆಯಿತು. ಆತ ಹಿಡಿಯಷ್ಟು ಹರಳನ್ನು ನನ್ನ ಅಂಗೈಗೆ ಹಾಕಿ ಹಿಂಡಲು ಹೇಳಿದ. ರಬ್ಬರಿನಂತೆ ಕಿರುಗುಟ್ಟಿತು, ರುಚಿ ಹಾಲಿನದೇ. ನಾನು ತಿಂದು, ಲಾಬ್ ಯಾವುದರಿಂದ ಮಾಡುತ್ತೀರಿ ಎಂದು ಸಹಜವಾಗಿ ಕೇಳಿದೆ. ಎಳೆಗರುವಿನ ಜಠರದಿಂದ, ಎಂದು ಆತ ಅಷ್ಟೇ ಸಹಜವಾಗಿ ಹೇಳಿದ.

ನಾನು ಅಲ್ಲಿಗೆ ಹೋಗಿ ಐದು ವಾರವಾಗಿತ್ತು. ದಿನಕ್ಕೆರಡು ಸಲ ಚೀಸ್ ತಿಂದಿದ್ದೆ. ಮಾಂಸ ತಿನ್ನುವುದಿಲ್ಲ ಎಂದು ಅರ್ಜಿಯಲ್ಲೇ ಬರೆದಿದ್ದೆ, ಅವರೂ ಅದನ್ನು ನಿಷ್ಠೆಯಿಂದ ಪಾಲಿಸಿದ್ದರು, ಗಮ್ ಮಿಠಾಯಿಯ ಪೊಟ್ಟಣದ ಮೇಲಿನ ಸಣ್ಣಕ್ಷರವನ್ನೂ ಓದಿ, ಜೆಲಾಟಿನ್ ಇದೆಯೆಂದು ಪಕ್ಕಕ್ಕಿಡುತ್ತಿದ್ದರು. ಚೀಸಿನಲ್ಲಿ ಇಂಥದ್ದೊಂದು ಇರಬಹುದೆಂದು ಅವರಿಗೂ ಹೊಳೆದಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದಾರಿಯಲ್ಲಿ ಟ್ರ್ಯಾಕ್ಟರಿನ ಮೇಲೆ ಕುಳಿತು ಸುಮ್ಮನೆ ಅತ್ತದ್ದನ್ನು ನೋಡಿ ಅಲ್ಲಿಯ ಅಪ್ಪ ಗಾಬರಿಯಾದ. ಸೋಮವಾರವೇ ಅಲ್ಲಿಯ ಅಮ್ಮ ಬುರ್ಗ್‌ಡೋರ್ಫಿನಿಂದ, ಪ್ರಾಣಿಜನ್ಯವಲ್ಲದ ಹೆಪ್ಪಿನಿಂದ ಮಾಡಿದ ಚೀಸ್ ಹುಡುಕಿ ತಂದರು. ಪ್ಲಾಸ್ಟಿಕ್ ಹೊದಿಕೆಯ ಆ ತುಂಡು ಮೇಜಿನ ಮೇಲೆ, ಅವನ ಸ್ವಂತ ಹಾಲಿನ ಚೀಸಿನ ಪಕ್ಕ ಬಂದು ಕುಳಿತಾಗ ಅವನ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ನಮ್ಮ ಮನೆಯ ಅಡಿಕೆಯನ್ನು ಯಾರಾದರೂ ಮೂಸಿ ಕೆಳಗಿಟ್ಟರೆ ಅಪ್ಪನ ಮುಖದಲ್ಲಿ ಕಾಣುವಂಥದ್ದು. ಚಳಿಗಾಲ ಬರುವವರೆಗೆ ನಾನು ಅಂಗಡಿಯ ಚೀಸನ್ನೇ ತಿಂದೆ. ಡಿಸೆಂಬರಿನಲ್ಲಿ ಗ್ರ್ಯೂಯೇರ್ ಮತ್ತು ವಾಶ್ರಾಂ ಚೀಸುಗಳನ್ನು ಸಮಪಾಲು ಬೆರೆಸಿ ಕರಗಿಸಿದ ಫೊಂಡ್ಯೂ ಮಡಕೆಯ ಸುತ್ತ ಎಲ್ಲರೂ ಕುಳಿತು, ಒಂದೇ ಮಡಕೆಗೆ ಬ್ರೆಡ್ಡು ಅದ್ದುತ್ತಿದ್ದಾಗ, ನಾನೂ ಒಂದು ಮುಳ್ಳುಚಮಚ ತೆಗೆದುಕೊಂಡೆ. ಯಾರೂ ನೋಡಿದಂತೆ ಮಾಡಲಿಲ್ಲ. ಕೊನೆಗೆ ತಳದಲ್ಲಿ ಹತ್ತಿಕೊಂಡ ಗರಿ ಹೊರಪದರವನ್ನು ಕೆರೆದು ಹಂಚುವಾಗ ನನ್ನ ತಟ್ಟೆಗೂ ಒಂದು ಚೂರು ಬಿತ್ತು. ಅದು ಸರಿಯೋ ತಪ್ಪೋ ಎಂದು ಈಗಲೂ ಹೇಳಲಾರೆ. ಊರಿನ ಅಮ್ಮನಿಗೆ ಇದನ್ನು ಹೇಳಿದ್ದು ಮೂರು ವರ್ಷಗಳ ನಂತರ. ಅವರು ‘ಗೊತ್ತಿತ್ತು’ ಎಂದರು, ಹೇಗೆಂದು ಹೇಳಲಿಲ್ಲ.

ಗ್ರೋಸಿಯ ಕೈಕೆಳಗೆ ನನ್ನ ಶನಿವಾರಗಳು ಕಳೆದವು. ಭಾನುವಾರಕ್ಕೆಂದು ಜಡೆ ಹೆಣೆದಂಥ ‘ತ್ಸ್ಯುಪ್ಫೆ’ ಬ್ರೆಡ್ಡು ಮಾಡುವುದನ್ನು ಕಲಿಸಿದರು. ಜಡೆ ಹಾಕಿಕೊಳ್ಳುವ ಹುಡುಗಿಗೆ ಕಲಿಸುವುದು ಸುಲಭ ಎಂದರು. ಓದಿ ಮುಗಿದ ಪತ್ರಿಕೆಗಳನ್ನು ರದ್ದಿಗೆ ಹಾಕುವಾಗ ಅಂಚು ಸೇರಿಸಿ ಪೇರಿಸಿ, ದಾರವನ್ನು ಅಡ್ಡಕ್ಕೂ ಉದ್ದಕ್ಕೂ ಸುತ್ತಿ, ಒಂದು ಬೆರಳಿಗೆ ತೂಗುಹಾಕಿದರೂ ಜಾರದಂತೆ ಗಂಟು ಹಾಕಬೇಕಿತ್ತು. ನನ್ನ ಮೊದಲ ಕಟ್ಟನ್ನು ಅವರು ಮಾತಿಲ್ಲದೆ ಬಿಚ್ಚಿದರು. ಒಮ್ಮೆ ಊರಿನ ಹೆಸರು ಕೇಳಿ, ಅದು ಮಂಗಳೂರಿನ ಹತ್ತಿರವೇ ಎಂದರು. ನಾನು ದಂಗಾದೆ. ಅವರು ಚಿಕ್ಕವರಿದ್ದಾಗ ಭಾನುವಾರದ ಶಾಲೆಯಲ್ಲಿ ಬಾಸೆಲ್ ಮಿಷನ್ನಿಗೆಂದು ಚಿಲ್ಲರೆ ಹಾಕುವ ಡಬ್ಬಿಯಿತ್ತಂತೆ, ಆ ಪಾಠಗಳಲ್ಲಿ ಮಂಗಳೂರು ಎಂಬ ಹೆಸರು ಬರುತ್ತಿತ್ತಂತೆ. 1834ರಲ್ಲಿ ಮಂಗಳೂರಿಗೆ ಬಂದಿಳಿದು, 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮಿಷನ್ ಅದೇ. ನಮ್ಮ ಅಜ್ಜನ ಮನೆಯ ಮಾಡಿನ ಹಳೆಯ ಹೆಂಚುಗಳ ಬೆನ್ನಿನಲ್ಲಿ ಬಾಸೆಲ್ ಮಿಷನ್ನಿನ ಹೆಸರು ಒತ್ತಿರುವುದನ್ನು ಮಳೆಗಾಲಕ್ಕೆ ಮೊದಲು ಹೆಂಚು ತಿರುವಿ ಹಾಕುವಾಗ ಓದುತ್ತಿದ್ದೆ. ಅಪ್ಪ ಒಂದು ಹೆಂಚಿನ ಫೋಟೊ ಕಳಿಸಿದರು. ಗ್ರೋಸಿ ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿ, ‘ಹಾಗಾದರೆ ನನ್ನ ಚಿಲ್ಲರೆ ಹಾಳಾಗಲಿಲ್ಲ’ ಎಂದರು. ಧರ್ಮಪ್ರಚಾರಕ್ಕೆ ಹಾಕಿದ ದುಡ್ಡು ಹವ್ಯಕರ ಮಾಡು ಸೇರಿದ್ದು ಅವರಿಗೆ ಬೇಸರದ ವಿಷಯವೆಂದು ಅನಿಸಲಿಲ್ಲ. ಹೆಂಚು ಅವರು ಚಿಲ್ಲರೆ ಹಾಕುವುದಕ್ಕೂ ಹಿಂದಿನದು ಎಂದು ಲೆಕ್ಕ ಬಿಡಿಸಿ ಹೇಳುವ ಮನಸ್ಸು ನನಗಾಗಲಿಲ್ಲ.

2014ರ ಫೆಬ್ರವರಿ ಮೊದಲ ವಾರ ಎರಡು ಸಂಗತಿ ನಡೆದವು. ಬುಧವಾರ ಮಧ್ಯಾಹ್ನ ಒಂದೂವರೆಗೆ ಕಣಿವೆಯ ತುಂಬ ಸೈರನ್ ಏರುತ್ತಿಳಿಯುತ್ತ ಕೂಗತೊಡಗಿತು. ನಾನು ಷ್ಟ್ಯೋಕ್ಲಿಯಲ್ಲಿದ್ದೆ. ಯುದ್ಧವೇ ಬಂತೆಂದು ಎದ್ದು ನಿಂತೆ. ಗ್ರೋಸಿ ಹೆಣಿಗೆಯಿಂದ ತಲೆಯೆತ್ತಲಿಲ್ಲ. ಪ್ರತಿವರ್ಷ ಫೆಬ್ರವರಿಯ ಮೊದಲ ಬುಧವಾರ ದೇಶದಾದ್ಯಂತ ಸೈರನ್ನುಗಳ ಪರೀಕ್ಷೆ ನಡೆಯುತ್ತದೆಂದು ನನಗೆ ಹೇಳಲು ಎಲ್ಲರೂ ಮರೆತಿದ್ದರು. ಆಮೇಲೆ ನೆಲಮಾಳಿಗೆಗೆ ಕರೆದೊಯ್ದು, 1970ರ ದಶಕದಲ್ಲಿ ಆ ಮನೆ ಕಟ್ಟುವಾಗ ಕಾನೂನಿನಂತೆ ಕಟ್ಟಿಸಿದ್ದ ಆಶ್ರಯ ಕೋಣೆ ತೋರಿಸಿದರು. ಅಣುಬಾಂಬಿಗೆ ಅಂಜದ ಗೇಣು ದಪ್ಪದ ಕಾಂಕ್ರೀಟ್ ಬಾಗಿಲು. ಒಳಗೆ ಆಲೂಗಡ್ಡೆ, ಸೇಬು, ಮೂವತ್ತು ಬಾಟಲಿ ಜಾಮ್.

ಅದೇ ವಾರದ ಭಾನುವಾರ, ಫೆಬ್ರವರಿ 9ರಂದು, ದೇಶದಲ್ಲಿ ಮತದಾನವಿತ್ತು. ಪರದೇಶಗಳಿಂದ ಬಂದು ನೆಲೆಸುವವರ ಸಂಖ್ಯೆಗೆ ಮಿತಿ ಹಾಕಬೇಕೇ ಎಂಬುದು ಅದರಲ್ಲಿದ್ದ ಪ್ರಶ್ನೆಗಳಲ್ಲೊಂದು. ವಾರಗಳ ಮೊದಲೇ ಅಂಚೆಯಲ್ಲಿ ಬಂದ ಲಕೋಟೆಗಳು ರೇಡಿಯೋ ಪಕ್ಕ ಒರಗಿದ್ದವು. ಅಣ್ಣನಿಗೆ ಅದು ಮೊದಲ ಮತ. ಅವನು ಬೇಡ ಎಂದು ಬರೆದು ಎಲ್ಲರಿಗೂ ತೋರಿಸಿದ. ಆಸ್ಪತ್ರೆಯಲ್ಲಿ ತನ್ನ ಜೊತೆ ದುಡಿಯುವ ಅರ್ಧದಷ್ಟು ಮಂದಿ ಹೊರದೇಶದವರು ಎಂದು ಅಮ್ಮನೂ ಬೇಡ ಎಂದರು. ಅಪ್ಪ ತನ್ನ ಲಕೋಟೆಯನ್ನು ಮಾತಾಡದೆ ಅಂಟಿಸಿದ. ಫಲಿತಾಂಶ ಬಂದಾಗ ಬೇಕು ಎಂಬ ಪಕ್ಷ ಶೇಕಡಾ 50.3ರಿಂದ ಗೆದ್ದಿತ್ತು, ಅಂತರ ಇಪ್ಪತ್ತು ಸಾವಿರ ಮತಗಳಿಗಿಂತ ಕಡಿಮೆ. ದೂರದರ್ಶನದ ಮುಂದೆ ಎಲ್ಲರೂ ನನ್ನ ಮುಖ ತಪ್ಪಿಸುತ್ತಿದ್ದಾಗ ಗ್ರೋಸಿ ನೇರವಾಗಿ ಹೇಳಿದರು: ನಾನು ಬೇಕು ಎಂದು ಬರೆದೆ, ಕಣಿವೆಯಲ್ಲಿ ಹೊಲ ನುಂಗಿ ಮನೆಗಳಾಗುತ್ತಿವೆ, ಅದು ನಿನ್ನ ಮೇಲಲ್ಲ. ಅಣ್ಣ ಎದ್ದು ಹೊರಗೆ ಹೋದ. ನನಗೆ ನೋವಾಯಿತು, ಸುಳ್ಳೇಕೆ. ಆದರೆ ಇವರು ನನ್ನನ್ನು ನೆಂಟಳೆಂದು ಭಾವಿಸಿದ್ದರೆ ಇದನ್ನು ಹೇಳುತ್ತಲೇ ಇರಲಿಲ್ಲ ಎಂದೂ ಅನಿಸಿತು. ಮರುದಿನ ಅವರು, ಸ್ವಿಸ್ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಸಿಕ್ಕಿದ್ದು 1971ರಲ್ಲಿ, ಆಗ ತನಗೆ ಮೂವತ್ತೈದು ದಾಟುತ್ತಿತ್ತು, ಅಲ್ಲಿಂದೀಚೆ ಒಂದು ಮತವನ್ನೂ ತಪ್ಪಿಸಿಲ್ಲ ಎಂದು ದಾರ ಕತ್ತರಿಸುತ್ತ ಹೇಳಿದರು. ನಮ್ಮಜ್ಜಿ 1952ರ ಮೊದಲ ಚುನಾವಣೆಯಲ್ಲೇ ಮತ ಹಾಕಿದ್ದರು ಎಂದೆ. ಗ್ರೋಸಿ ಕತ್ತರಿ ಕೆಳಗಿಟ್ಟು, ಅದನ್ನು ಮಗನಿಗೂ ಹೇಳು ಎಂದರು.

ಜುಲೈ ಮೊದಲ ವಾರ ಹೊರಟೆ. ಹೊರಡುವ ದಿನವೂ ಕೋಳಿಗಳ ಕೆಲಸ ನನ್ನದೇ ಇತ್ತು; ಹಾಳೆಯಿಂದ ಹೆಸರು ತೆಗೆದಿರಲಿಲ್ಲ. ಬುರ್ಗ್‌ಡೋರ್ಫ್ ನಿಲ್ದಾಣದಲ್ಲಿ ಕೆನ್ನೆಗೆ ಮೂರು ಮುತ್ತು, ಎಡ ಬಲ ಎಡ. ಆಗಸ್ಟಿನಲ್ಲಿ ಇದೇ ಮುತ್ತಿಗೆ ಹಿಂದೆ ಸರಿದಿದ್ದವಳು ನಾನು. ರೈಲು ನಿಮಿಷಕ್ಕೆ ಸರಿಯಾಗಿ ಹೊರಟಿತು, ಅದೊಂದು ಸಲ ತಡವಾಗಿದ್ದರೆ ಒಳ್ಳೆಯದಿತ್ತು.

ಊರಿಗೆ ಬಂದು, ನನಗಿಂತ ಒಂದು ವರ್ಷ ಚಿಕ್ಕವರ ಜೊತೆ ಪುತ್ತೂರಿನಲ್ಲಿ ಪಿಯುಸಿಗೆ ಸೇರಿದೆ. ಎರಡನೆಯ ವಾರ ಕಾಲೇಜಿನಿಂದ ಬರುವ ಬಸ್ಸು ತಪ್ಪಿತು. ಬೂತಿನಿಂದ ಮನೆಗೆ ಫೋನ್ ಮಾಡಿ, ನಾನು ಹದಿನೈದು ನಿಮಿಷ ತಡವಾಗಿ ಬರುತ್ತೇನೆ ಎಂದೆ. ಅಪ್ಪ ಒಂದು ಕ್ಷಣ ಮೌನವಾದರು. ಆಮೇಲೆ ನಡುಗುವ ದನಿಯಲ್ಲಿ, ‘ಎಂತಾಯಿತು? ಎಲ್ಲಿ ಬಿದ್ದೆ? ಆಸ್ಪತ್ರೆಯಲ್ಲಿದ್ದೀಯೋ?’ ಎಂದು ಕೇಳಿದರು. ನಾನು ಬಸ್ ನಿಲ್ದಾಣ ಬಿಟ್ಟು ಕದಲುವುದಕ್ಕೂ ಮೊದಲೇ ಚಿಕ್ಕಪ್ಪನ ಜೀಪು ಬಂದು ನಿಂತಿತು.